ನಾಲ್ಕನೇ ಮಹಡಿಯ ಕಾಯ್ಗಲೆ

ನಮ್ಮ ಊರಿನಲ್ಲಿ ಗೋಡೆಯ ಪಕ್ಕ ನಿಂತು ಬಹಳ ಹೊತ್ತು ಕಾದರೆ ಕಾದವರ ಕಲೆ ಗೋಡೆಗೆ ಹತ್ತುತ್ತದೆ. ಅರ್ಧ ಗಂಟೆಯೊಳಗೆ ಕಾಯುವುದು ಮುಗಿದರೆ ಏನೂ ಆಗುವುದಿಲ್ಲ. ಅದನ್ನು ದಾಟಿತೆಂದರೆ ಮೊದಲು ಭುಜ ಮೂಡುತ್ತದೆ, ಆಮೇಲೆ ತಲೆ, ಕೊನೆಗೆ ಕೈಯಲ್ಲಿ ಹಿಡಿದ ಚೀಲವೂ ಬರುತ್ತದೆ. ಕೆಲವು ಕಲೆ ಮರುದಿನ ಬೆಳಿಗ್ಗೆಯೇ ಏಳುತ್ತವೆ. ಕೆಲವು ಹತ್ತು ವರ್ಷ ಗೋಡೆಯೊಳಗೆ ಮಲಗಿದ್ದು, ಎಲ್ಲರೂ ಮರೆತ ಮೇಲೆ ಎದ್ದು ನಿಲ್ಲುತ್ತವೆ. ನಾವು ಅದಕ್ಕೆ ಕಾಯ್ಗಲೆ ಎನ್ನುತ್ತೇವೆ.

ಹೊರಗಿನಿಂದ ಬಂದವರು ಇದನ್ನು ಕಂಡು ಬಾಯಿ ಬಿಡುತ್ತಾರೆ. ನಮಗೇನೂ ಅನ್ನಿಸುವುದಿಲ್ಲ. ಶಾಲೆ ಬಿಡುವ ಹೊತ್ತಿಗೆ ತಾಯಂದಿರು ಗೋಡೆ ಬಿಟ್ಟು ರಸ್ತೆಯ ನಡುವೆ ನಿಲ್ಲುತ್ತಾರೆ. ಹುಡುಗಿಗಾಗಿ ಕಾಯುವ ಹುಡುಗರು ಗೋಡೆಯ ಉದ್ದಕ್ಕೂ ಅತ್ತಿಂದಿತ್ತ ನಡೆಯುತ್ತಾರೆ. ನಡೆದರೆ ಕಲೆ ಹತ್ತುವುದಿಲ್ಲ, ಚಪ್ಪಲಿ ಸವೆಯುತ್ತದೆ ಅಷ್ಟೆ. ಡಾಕ್ಟರು ಎಂಥವರೆಂದು ಅವರ ಆಸ್ಪತ್ರೆಯ ಗೋಡೆ ನೋಡಿದರೆ ತಿಳಿಯುತ್ತದೆ. ತಾಲೂಕು ಕಚೇರಿಯವರು ಮಾತ್ರ ಇಡೀ ಕಟ್ಟಡಕ್ಕೆ ಕಪ್ಪು ಬಣ್ಣ ಹೊಡೆಸಿಬಿಟ್ಟಿದ್ದಾರೆ, ಜಾಣರು.

ನನ್ನ ಹೆಸರು ಗೌರಮ್ಮ. ದೊಡ್ಡ ಕಟ್ಟಡಗಳ ಹೊರಮೈ ತೊಳೆಯುವುದು ನನ್ನ ಕಸುಬು. ನಾವು ಆರು ಜನ ಹೆಂಗಸರು. ಗಡಿಯಾರದ ರಸ್ತೆಯ ಹನ್ನೆರಡು ಅಂಗಡಿ ಕಟ್ಟಡಗಳು ನಮ್ಮ ಕೈಯಲ್ಲಿವೆ. ಇದರಲ್ಲಿ ಮಂತ್ರವೇನೂ ಇಲ್ಲ. ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಒದ್ದೆ ಮಾಡಿಕೊಂಡು ಹೋಗಬೇಕು, ಆಮೇಲೆ ಮೇಲಿನಿಂದ ಕೆಳಕ್ಕೆ ತೊಳೆದುಕೊಂಡು ಬರಬೇಕು. ಒಣಗೋಡೆಯ ಮೇಲೆ ಕೊಳೆನೀರು ಇಳಿಯಲು ಬಿಟ್ಟರೆ ಅದು ಎಳೆದ ಗೆರೆಯನ್ನು ಅಳಿಸಲು ಇನ್ನೊಂದು ದಿನ ಬೇಕು. ಯಾವ ಔಷಧಿಯನ್ನೇ ಆಗಲಿ ಮೊದಲು ಯಾರಿಗೂ ಕಾಣದ ಮೂಲೆಯಲ್ಲಿ ಅಂಗೈಯಗಲ ಹಚ್ಚಿ ನೋಡಬೇಕು. ಅಮೃತಶಿಲೆಯ ಹತ್ತಿರ ಆಸಿಡ್ ಬಾಟಲಿ ಸುಳಿಯಬಾರದು. ಒಂದು ಗಂಟೆಯ ಕಾಯ್ಗಲೆಗೆ ಸೋಪಿನ ನೀರು, ಮೆತ್ತನೆಯ ಬ್ರಷ್ ಸಾಕು. ಅರ್ಧ ದಿನದ್ದಕ್ಕೆ ಜೇಡಿಮಣ್ಣಿನ ಲೇಪ ಬಳಿದು, ಪ್ಲಾಸ್ಟಿಕ್ ಹೊದಿಸಿ, ಒಂದು ದಿನ ಬಿಡಬೇಕು. ಅದಕ್ಕೂ ಜಗ್ಗದಿದ್ದರೆ ಉಳಿಯುವುದು ಒಂದೇ ದಾರಿ. ಕಾದವರನ್ನೇ ಹುಡುಕಿ ಕರೆತಂದು, ಕೈಗೆ ಚೊಂಬು ಕೊಟ್ಟು, ಮೊದಲ ನೀರು ಅವರಿಂದಲೇ ಹುಯ್ಯಿಸಬೇಕು. ಹಾಗಾಗಿ ನಮ್ಮ ಕೆಲಸದಲ್ಲಿ ಅರ್ಧ ತೊಳೆಯುವುದು, ಇನ್ನರ್ಧ ಪತ್ತೇದಾರಿಕೆ. ಎರಡರಲ್ಲೂ ನನ್ನನ್ನು ಮೀರಿಸುವವರಿಲ್ಲವೆಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ತನ್ನ ಬೆನ್ನು ತನಗೆ ಕಾಣದು.

ಕಾಂತರಾಜ ಶೆಟ್ಟರ ಐದು ಮಹಡಿಯ ಕಟ್ಟಡಕ್ಕೆ ಹೊಸದಾಗಿ ಬೂದಿಬಣ್ಣದ ಅಲ್ಯೂಮಿನಿಯಂ ಹಾಳೆ ಹೊದಿಸಿ ಎಂಟು ತಿಂಗಳಾಗಿತ್ತು. ಒಂದು ಸೋಮವಾರ ನಾಲ್ಕನೇ ಮಹಡಿಯ ಕಿಟಕಿಯ ಪಕ್ಕ ಕಲೆ ಎದ್ದಿತು. ಶೆಟ್ಟರು ಹಾಳೆಯನ್ನೇ ಬದಲಾಯಿಸಿದರು. ನಾಲ್ಕು ದಿನಕ್ಕೆ ಹೊಸ ಹಾಳೆಯ ಮೇಲೂ ಅದೇ ಕಲೆ, ಅದೇ ಜಾಗದಲ್ಲಿ. ಆಗ ನನಗೆ ಹೇಳಿಕಳಿಸಿದರು.

"ಗೌರಮ್ಮ, ಜನ ನೆಲದ ಮೇಲೆ ನಿಂತು ಕಾಯ್ತಾರೆ. ಇದ್ಯಾವನು ಗಾಳೀಲಿ ನಿಂತು ಕಾದೋನು?" ಎಂದು ಕುತ್ತಿಗೆ ಎತ್ತಿ ಕೇಳಿದರು.

"ಹದ್ದಿರ್ಬೇಕು ಬಿಡಿ ಶೆಟ್ರೇ."

"ಹದ್ದಿಗೆ ಎರಡು ಕೈ ಇರ್ತಾವಾ? ತಮಾಷೆ ಬೇಡ. ಮೂರನೇ ಮಹಡಿ ಟ್ಯೂಷನ್ ಮೇಷ್ಟ್ರು ಖಾಲಿ ಮಾಡಿದ್ರು. ಆಕಾಶದಾಗೆ ಯಾರೋ ಕಾಯ್ತಾ ಅವ್ರೆ, ಮಕ್ಕಳನ್ನ ಕಳ್ಸಲ್ಲ ಅಂತ ತಾಯಂದ್ರು ಅಂದ್ರಂತೆ. ಕನ್ನಡಕದಂಗಡಿಯವನೂ ಪೆಟ್ಟಿಗೆ ಕಟ್ತಾವ್ನೆ. ಎಂಟು ದಿನ ಕೊಡ್ತೀನಿ. ಆಗ್ಲಿಲ್ಲ ಅಂದ್ರೆ ಹೊರಗಿನಿಂದ ಮೆಷಿನ್ನೋರನ್ನ ಕರೆಸ್ತೀನಿ. ಅವ್ರು ಬಂದ್ರೆ ಬರೀ ನನ್ನ ಬಿಲ್ಡಿಂಗಿಗೆ ಬರಲ್ಲ, ಈ ರಸ್ತೆ ಪೂರ್ತಿ ಅವ್ರದೇ ಆಗುತ್ತೆ."

ಆರು ಮನೆಯ ಒಲೆ ಆ ರಸ್ತೆಯ ಮೇಲೆ ಉರಿಯುತ್ತಿತ್ತು. ನಾನು ಹೂಂ ಎಂದೆ.

ಮಾರನೆಯ ದಿನ ನಾನು ಮತ್ತು ಜಬೀನಾ ತೊಟ್ಟಿಲಲ್ಲಿ ಇಳಿದೆವು. ತೊಟ್ಟಿಲೆಂದರೆ ಕಬ್ಬಿಣದ ಚೌಕಟ್ಟಿನ ಹಲಗೆ. ಮಾಳಿಗೆಯ ಮೇಲೆ ಒಬ್ಬರು ರಾಟೆ ತಿರುಗಿಸಿ ಇಳಿಸುತ್ತಾರೆ, ಎತ್ತುತ್ತಾರೆ. ಜಬೀನಾ ನನಗಿಂತ ಹತ್ತು ವರ್ಷ ಚಿಕ್ಕವಳು, ಅಳತೆಯಲ್ಲಿ ದರ್ಜಿಯನ್ನೂ ಮೀರಿಸುವವಳು. ಟೇಪು ಹಿಡಿದು ಹೇಳಿದಳು: "ಐದಡಿ ನಾಲ್ಕಿಂಚು. ಗಂಡಸು. ಎಡಗೈ ಮೇಲೆತ್ತಿ ಏನೋ ಹಿಡ್ಕೊಂಡವ್ನೆ. ನಮ್ಮೋರೇ ಯಾರೋ ಇರ್ಬೇಕು ಗೌರಕ್ಕ, ಹಗ್ಗ ಹಿಡ್ದಂಗೈತೆ."

"ನಮ್ಮೋರು ಕಾಯ್ತಾರಾ? ನಮಗೆಲ್ಲೈತೆ ಪುರುಸೊತ್ತು?" ಎಂದು ಅವಳ ಬಾಯಿ ಮುಚ್ಚಿಸಿದೆ.

ತಲೆಯ ಜಾಗದಲ್ಲಿ ಮೂಗಿಲ್ಲ, ಕಿವಿಯಿಲ್ಲ, ದಪ್ಪನೆಯ ಒಂದು ಮಚ್ಚೆ ಮಾತ್ರ. ಮನುಷ್ಯ ಎತ್ತ ನೋಡುತ್ತಾ ಕಾಯುತ್ತಾನೋ ಕಲೆ ಅತ್ತ ದಟ್ಟವಾಗುತ್ತದೆ ಎಂಬುದು ನಮ್ಮ ಲೆಕ್ಕ. ನಾನು ಕಿಟಕಿಯನ್ನು ನೋಡಿದೆ, ಮಚ್ಚೆಯನ್ನು ನೋಡಿದೆ, ತೀರ್ಪು ಕೊಟ್ಟೆ: ಇವನು ಕಿಟಕಿಯ ಒಳಗಿರುವ ಯಾರಿಗಾಗಿಯೋ ಕಾದವನು. ಸುಣ್ಣ ಹೊಡೆಯಲು ಬಂದವನೋ, ಪ್ರೇಮದ ಹುಚ್ಚು ಹಿಡಿದವನೋ ಇರಬೇಕು. ಸೋಪು ಹಾಕಿದೆವು, ಲೇಪ ಹಾಕಿದೆವು. ಕಲೆ ಮಿಸುಕಲಿಲ್ಲ.

ಆ ಕಿಟಕಿಯ ಹಿಂದೆ ಈಗ ಕನ್ನಡಕದಂಗಡಿ ಇದೆ. ಅದಕ್ಕೆ ಮೊದಲು ಭಾನುಮತಿ ಮೇಡಮ್ಮಿನ ವಧೂವರರ ಕೇಂದ್ರವಿತ್ತು ಎಂದು ತಿಳಿದಾಗ ನನಗೆ ಲಾಟರಿ ಹೊಡೆದಷ್ಟು ಖುಷಿಯಾಯಿತು. ಹೆಣ್ಣು ಸಿಗದ ಗಂಡಿಗಿಂತ ಹೆಚ್ಚು ಕಾಯುವವರು ಯಾರಿದ್ದಾರೆ?

ಭಾನುಮತಿ ಮೇಡಮ್ಮಿಗೆ ಮಾತ್ರ ನಗು ಬಂತು. "ನಾನು ಕಾಯಿಸಿದೋರ ಕಲೆಯೆಲ್ಲ ನಮ್ಮ ಬೆಂಚಿನ ಹಿಂದಿನ ಗೋಡೆ ಮೇಲಿತ್ತಮ್ಮ. ಕಿಟಕಿಯಾಚೆ ನೇತಾಡೋ ಗಂಡಿಗೆ ನಾನು ಹೆಣ್ಣು ತೋರಿಸ್ತಿದ್ನಾ?" ಎಂದರು. ಆದರೂ ಹಳೆಯ ಪುಸ್ತಕ ತೆಗೆದು, ಐದಡಿ ನಾಲ್ಕಿಂಚಿನ ಐವರ ವಿಳಾಸ ಕೊಟ್ಟರು.

ಮೂರು ದಿನ ಆ ಐವರ ಹಿಂದೆ ಬಿದ್ದೆ. ಒಬ್ಬೊಬ್ಬರನ್ನೇ ಮಾಳಿಗೆಗೆ ಹತ್ತಿಸಿ, ಸೊಂಟಕ್ಕೆ ಹಗ್ಗ ಬಿಗಿದು, ತೊಟ್ಟಿಲಲ್ಲಿ ಇಳಿಸಿ ನೀರು ಹುಯ್ಯಿಸಿದೆ. ಒಬ್ಬ ಕಣ್ಣು ಮುಚ್ಚಿಕೊಂಡು ತನ್ನ ಕಾಲ ಮೇಲೆಯೇ ಹುಯ್ದುಕೊಂಡ. ಇನ್ನೊಬ್ಬನಿಗೆ ಮದುವೆಯಾಗಿ ಮೂರು ಮಕ್ಕಳಾಗಿದ್ದವು. ಅವನ ಹೆಂಡತಿ ರಸ್ತೆಯಲ್ಲಿ ನಿಂತು, "ಹಂಗಾದ್ರೆ ಇನ್ಯಾವಳಿಗೆ ಕಾಯ್ತಿದ್ಯೋ?" ಎಂದು ಕೂಗಿದ್ದನ್ನು ಗಡಿಯಾರದ ರಸ್ತೆಯೆಲ್ಲ ಕೇಳಿತು. ಕಲೆ ಇದ್ದ ಹಾಗೇ ಇತ್ತು. ಐದು ದಿನ ಮುಗಿದಿದ್ದವು.

ಆರನೆಯ ದಿನ ರಾಟೆಯ ಮೇಲೆ ನಾನಿದ್ದೆ, ಕೆಳಗೆ ಜಬೀನಾ. ರಾಟೆ ಹಿಡಿದಾಗ ನಾನು ಕೆಳಗೆ ನೋಡುವವಳಲ್ಲ. ಇಪ್ಪತ್ತು ವರ್ಷದಿಂದ ಹಗ್ಗದ ಭಾರದಲ್ಲೇ ಎಲ್ಲ ತಿಳಿದುಕೊಳ್ಳುವ ಜಂಬ ನನ್ನದು. ಅವತ್ತು ಹಗ್ಗ ಹಾಳೆಯ ಅಂಚಿಗೆ ಸಿಕ್ಕಿಕೊಂಡಿತು. ಬಿಡಿಸಲೆಂದು ಮಾಳಿಗೆಯ ಕಟ್ಟೆಯ ಮೇಲೆ ಹೊಟ್ಟೆಯಿಟ್ಟು ಬಗ್ಗಿದೆ.

ಎದುರಿನಿಂದ ಬರೀ ಮಚ್ಚೆಯಾಗಿದ್ದದ್ದು ಮೇಲಿನಿಂದ ಮುಖವಾಗಿತ್ತು. ಅಗಲವಾದ ಹಣೆ, ಎರಡೂ ಕಡೆ ಎದ್ದು ನಿಂತ ಕಿವಿ, ಮೇಲಕ್ಕೆತ್ತಿದ ಗದ್ದ. ಅವನು ಕಿಟಕಿಯತ್ತ ನೋಡುತ್ತಲೇ ಇರಲಿಲ್ಲ. ನೆಟ್ಟ ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದ. ಅದು ಬೋರಲಿಂಗನ ಮುಖ.

ಬೋರಲಿಂಗ ನನ್ನ ಜೊತೆ ಐದು ವರ್ಷ ಕೆಲಸ ಮಾಡಿದವನು. ಒಂಬತ್ತು ವರ್ಷದ ಹಿಂದಿನ ಆ ದಿನ ಬೇಸಿಗೆ. ಅವನು ತೊಟ್ಟಿಲಲ್ಲಿ, ನಾನು ರಾಟೆಯ ಮೇಲೆ. ಬೀದಿಯ ನಲ್ಲಿಯಲ್ಲಿ ನೀರು ಬಂತೆಂದು ಪಕ್ಕದ ಮನೆಯವಳು ಕೆಳಗಿನಿಂದ ಕೂಗಿದಳು. ನಮ್ಮಲ್ಲಿ ನಾಲ್ಕು ದಿನಕ್ಕೊಮ್ಮೆ ನೀರು. ರಾಟೆಗೆ ಕೊಂಡಿ ಸಿಕ್ಕಿಸಿ, "ಈಗ ಬಂದೆ ಕಣೋ" ಎಂದು ಕೂಗಿ ಓಡಿದೆ. ಬಿಂದಿಗೆ ತುಂಬಿಸಿದೆ, ಸರದಿಗಾಗಿ ಜಗಳವಾಡಿದೆ, ಬಟ್ಟೆ ಒಗೆದೆ, ಉಂಡೆ. ಉಂಡ ಮೇಲೆ ಸ್ವಲ್ಪ ಕಣ್ಣು ಮುಚ್ಚಿದೆ. ಹಿಂದಿರುಗುವಾಗ ಹೊತ್ತು ಎಷ್ಟಾಗಿತ್ತೋ ಲೆಕ್ಕವಿಡಲಿಲ್ಲ. ಬಂದು ತೊಟ್ಟಿಲು ಮೇಲೆಳೆದೆ. ಅವನು ಅದರಲ್ಲಿರಲಿಲ್ಲ. ಕೆಳಗಿಳಿದಾಗ ನೀರಿನ ತೊಟ್ಟಿಯ ಹತ್ತಿರ ಮುಖ ತೊಳೆಯುತ್ತಿದ್ದ. "ಸ್ವಲ್ಪ ತಡ ಆಯ್ತು" ಎಂದೆ. "ಇರ್ಲಿ ಬಿಡು ಗೌರಕ್ಕ" ಎಂದ. ಮುಂದಿನ ವಾರ ಕೆಲಸ ಬಿಟ್ಟ. ಯಾಕೆ ಬಿಟ್ಟ ಎಂದು ಜನ ಕೇಳಿದರು. ಎತ್ತರಕ್ಕೆ ಹೆದರಿ ಓಡಿಹೋದ ಎಂದು ನಾನೇ ಹೇಳಿದೆ. ಹೇಳಿ ಹೇಳಿ ನನಗೇ ಅದು ನಿಜವಾಗಿಬಿಟ್ಟಿತ್ತು.

ಬೋರಲಿಂಗ ಈಗ ಕುಂಬಾರ ಬೀದಿಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದಾನೆ. ಊರಿನ ಬೇರೆ ಗಿರಣಿಗಳ ಗೋಡೆಗಳು ಡಬ್ಬ ಹಿಡಿದ ಹೆಂಗಸರ ಕಲೆಯಿಂದ ತುಂಬಿಹೋಗಿವೆ. ಇವನ ಗೋಡೆ ಮಾತ್ರ ಸುಣ್ಣ ಬಳಿದಷ್ಟು ಬೆಳ್ಳಗೆ. ಡಬ್ಬ ಇಟ್ಟು ಹೋಗಿ ಎನ್ನುತ್ತಾನಂತೆ, ಬೀಸಿ ತಾನೇ ಸೈಕಲ್ಲಿನಲ್ಲಿ ಮನೆಮನೆಗೆ ಮುಟ್ಟಿಸುತ್ತಾನಂತೆ. ಯಾರನ್ನೂ ಕಾಯಿಸುವುದಿಲ್ಲ. ನಾನು ಮಾತ್ರ ಒಂಬತ್ತು ವರ್ಷವೂ ಊರಾಚೆಯ ಗಿರಣಿಗೆ ಹೋಗುತ್ತಿದ್ದೆ. ಯಾಕೆ ಎಂದು ನನ್ನನ್ನು ನಾನೇ ಕೇಳಿಕೊಂಡಿರಲಿಲ್ಲ.

"ಬಾ ಗೌರಕ್ಕ. ರಾಗಿನಾ ಗೋಧಿನಾ?" ಎಂದ, ನಿನ್ನೆ ತಾನೇ ಕಂಡವನಂತೆ.

"ಎರಡೂ ಅಲ್ಲ. ಶೆಟ್ರ ಬಿಲ್ಡಿಂಗ್ ಮೇಲೆ ನಿನ್ನ ಕಲೆ ಎದ್ದೈತೆ."

ಅವನು ಗಿರಣಿ ನಿಲ್ಲಿಸಿದ. "ಎಷ್ಟನೇ ಮಹಡೀಲಿ?"

"ನಾಲ್ಕು."

"ಹಂಗಾದ್ರೆ ನಂದೇ."

"ಬಂದು ಒಂದು ಚೊಂಬು ನೀರು ಹುಯ್ದು ಹೋಗು ಮಾರಾಯ. ಆರು ಜನ್ರ ಅನ್ನದ ಪ್ರಶ್ನೆ."

"ನಾನು ನೀರು ಹುಯ್ದ್ರೆ ಅದು ಹೋಗಲ್ಲ. ಅದು ಕಾಯ್ತಿರೋದು ನೀರಿಗಲ್ಲ" ಎಂದು ನಕ್ಕ.

ನನಗೆ ಕೋಪ ಬಂತು. ತಪ್ಪು ಮಾಡಿದವರಿಗೆ ಕೋಪ ಬೇಗ ಬರುತ್ತದೆ. "ಅವತ್ತು ನಲ್ಲೀಲಿ ನೀರು ಬಂದಿತ್ತು ಕಣೋ" ಎಂದೆ.

"ಗೊತ್ತು. ನಮ್ಮ ಬೀದೀಲೂ ಅವತ್ತೇ ಬರೋದು."

"ಪಕ್ಕದಲ್ಲೇ ಕಿಟಕಿ ಇತ್ತಲ್ಲ? ಒಳಕ್ಕೆ ಹೋಗೋದು ಬಿಟ್ಟು ಬಿಸಿಲಲ್ಲಿ ಯಾಕೆ ನಿಂತೆ?"

ಅವನು ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಂಡ. "ಆಗ ಅಲ್ಲಿ ಟೈಪಿಂಗ್ ಕ್ಲಾಸಿತ್ತು. ಮೇಷ್ಟ್ರು ಎರಡು ಸಲ ಕಿಟಕಿ ತೆಗೆದು ಬಾರಪ್ಪ ಅಂದ್ರು. ನಾನೇ ಹೋಗ್ಲಿಲ್ಲ. ಗೌರಕ್ಕ ಬಂದು ಬಗ್ಗಿ ನೋಡ್ತಾಳೆ, ತೊಟ್ಟಿಲು ಖಾಲಿ ಇರುತ್ತೆ, ಬಿದ್ದೋದ ಅಂತ ಎದೆ ಒಡ್ಕೊಂಡ್ಬಿಡ್ತಾಳೆ ಅಂದ್ಕೊಂಡೆ. ಅದಕ್ಕೇ ಹಗ್ಗ ಹಿಡ್ಕೊಂಡು ನಿಂತೆ. ಮೂರು ಗಂಟೆ. ಆಮೇಲೆ ಕಣ್ಣು ಕತ್ತಲೆ ಬರೋಕೆ ಶುರುವಾಯ್ತು, ಒಳಕ್ಕೆ ದಾಟಿದೆ. ಕಿಟಕಿ ಹತ್ರಾನೇ ನಿಂತಿದ್ದೆ. ಆಗ ನೀನು ಬಂದೆ. ರಾಟೆ ತಿರುಗ್ತು. ಖಾಲಿ ತೊಟ್ಟಿಲು ನನ್ನ ಕಣ್ಣ ಮುಂದೇನೇ ಮೇಲಕ್ಕೆ ಹೋಯ್ತು. ಈಗ ನಿಲ್ಲುತ್ತೆ ಅಂದ್ಕೊಂಡೆ. ಭಾರ ಇಲ್ಲ ಅಂತ ಗೊತ್ತಾಗುತ್ತೆ, ಬಗ್ಗಿ ನೋಡ್ತಾಳೆ, ಕೂಗ್ತಾಳೆ. ಕೂಗಿದ ತಕ್ಷಣ ಇಲ್ಲಿದೀನಿ ಅನ್ನೋಣ ಅಂತ ಬಾಯಿ ತೆರ್ಕೊಂಡು ನಿಂತಿದ್ದೆ. ತೊಟ್ಟಿಲು ನಿಲ್ಲಲೇ ಇಲ್ಲ."

ನನಗೆ ಆಗ ನೆನಪಾಯಿತು. ನೆನಪಾಗದಿದ್ದರೆ ಚೆನ್ನಾಗಿತ್ತು. ಅವತ್ತು ರಾಟೆ ಹೂವಿನಷ್ಟು ಹಗುರವಾಗಿತ್ತು. ನಿನ್ನೆ ಎಣ್ಣೆ ಬಿಟ್ಟದ್ದು ಒಳ್ಳೆಯದಾಯಿತು ಎಂದುಕೊಂಡು, ಹಾಡು ಗುನುಗುತ್ತಾ ತಿರುಗಿಸಿದ್ದೆ. ಒಬ್ಬ ಮನುಷ್ಯನ ಭಾರ ಕಡಿಮೆಯಾಗಿತ್ತು, ನಾನು ಕೈ ನೋಯಲಿಲ್ಲವೆಂದು ಸಂತೋಷಪಟ್ಟಿದ್ದೆ. ನಾಚಿಕೆಯೆಂದರೆ ಏನೆಂದು ಐವತ್ತೆರಡನೆಯ ವಯಸ್ಸಿನಲ್ಲಿ ಆ ಗಿರಣಿಯ ಹೊಸ್ತಿಲ ಮೇಲೆ ನನಗೆ ತಿಳಿಯಿತು.

"ನೀನು ಹೆದರಿ ಓಡಿಹೋದೆ ಅಂತ ಊರೆಲ್ಲ ಹೇಳ್ಬಿಟ್ಟೆ" ಎಂದೆ.

"ಕೇಳಿದೀನಿ. ಅಟ್ಟದಿಂದ ಡಬ್ಬ ಇಳಿಸುವಾಗ ಹುಷಾರು ಬೋರಲಿಂಗಣ್ಣ ಅಂತ ಈಗಲೂ ನಗ್ತಾರೆ." ಅವನು ಗಿರಣಿಯ ಬೆಲ್ಟು ಸರಿಮಾಡತೊಡಗಿದ. "ಹೋಗು ಗೌರಕ್ಕ. ನಾನು ಬರಲ್ಲ. ಈ ರಾಗಿ ಹನ್ನೆರಡಕ್ಕೆ ಮುಟ್ಟಿಸಬೇಕು."

ಅಲ್ಲಿಂದ ನೇರ ಶೆಟ್ಟರ ಕಟ್ಟಡದ ಎದುರಿನ ಟೀ ಅಂಗಡಿಗೆ ಹೋದೆ. ಬಣ್ಣದವರು, ಗಾರೆಯವರು, ನಮ್ಮ ಹೆಂಗಸರು, ಎಲ್ಲ ಸೇರುವ ಜಾಗ ಅದು. ಬೆಂಚಿನ ಮೇಲೆ ಹತ್ತಿ ನಿಂತು ನಡೆದದ್ದನ್ನು ನಡೆದ ಹಾಗೆ ಹೇಳಿದೆ: ನೀರು ಹಿಡಿಯಲು ಹೋದದ್ದು, ಉಂಡದ್ದು, ಮಲಗಿದ್ದು, ರಾಟೆ ಹಗುರವಾದದ್ದು. ಎಲ್ಲರ ಲೋಟ ಕೈಯಲ್ಲೇ ಉಳಿಯಿತು. ಶೆಟ್ಟರೂ ಕೇಳಿಸಿಕೊಂಡರು. ಜಬೀನಾ ಒಬ್ಬಳೇ ಹತ್ತಿರ ಬಂದು ಕೈ ಹಿಡಿದು ಕೆಳಗಿಳಿಸಿದಳು. "ಮಾಳಿಗೆ ಮೇಲೆ ನೀನಿದ್ದೀಯ ಅಂತಾನೇ ನಾವೆಲ್ಲ ಧೈರ್ಯವಾಗಿ ಇಳೀತಿದ್ವಲ್ಲ ಗೌರಕ್ಕ" ಎಂದಳು. ರಸ್ತೆ ಹೋದರೆ ಹೋಗಲಿ, ಅವಳ ಈ ಮಾತು ನನ್ನ ಮನಸ್ಸಿನಿಂದ ಹೋಗದು ಎನ್ನಿಸಿತು.

ಏಳನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಬೋರಲಿಂಗ ಸೈಕಲ್ ತಂದು ನಿಲ್ಲಿಸಿದ. ಟೀ ಅಂಗಡಿಯ ಮಾತು ಹಿಟ್ಟಿನ ಡಬ್ಬಗಳ ಜೊತೆ ಅವನಿಗೆ ಮುಟ್ಟಿತ್ತು. ಮಾಳಿಗೆಗೆ ಬಂದು ರಾಟೆಯನ್ನೊಮ್ಮೆ ಮುಟ್ಟಿ ನೋಡಿ, "ನಾನು ಇಳಿಯಲ್ಲ, ಮೊದಲೇ ಹೇಳ್ತೀನಿ" ಎಂದ.

"ನೀನ್ಯಾಕೆ ಇಳೀಬೇಕು? ನಾನಿಳೀತೀನಿ. ರಾಟೆ ನೀನು ಹಿಡಿ."

ಅವನು ನನ್ನ ಮುಖ ನೋಡಿದ. "ನನ್ನ ಕೈಲಿ ಕೊಡ್ತೀಯಾ?"

"ಕೊಡ್ತೀನಿ."

ಇಳಿಸಿದ. ಕೈ ಪಳಗಿದ್ದು ಹೋಗಿರಲಿಲ್ಲ, ಒಂದು ಸಲವೂ ತೊಟ್ಟಿಲು ತೂಗಾಡಲಿಲ್ಲ. ನಾಲ್ಕನೇ ಮಹಡಿಗೆ ಬಂದು ನಿಂತಿತು. ಮೇಲೆ ಕೊಂಡಿ ಬಿದ್ದ ಸದ್ದು. ಆಮೇಲೆ ಹೆಜ್ಜೆಯ ಸದ್ದು. ಆಮೇಲೆ ಏನೂ ಇಲ್ಲ.

ಮೊದಲು ನಾನು ಬ್ರಷ್ಷು, ಚೊಂಬು ಸರಿಯಾಗಿ ಜೋಡಿಸಿಟ್ಟುಕೊಂಡೆ. ಆಮೇಲೆ ಸೊಂಟದ ಹಗ್ಗ ನೋಡಿಕೊಂಡೆ. ಅಷ್ಟರಲ್ಲಿ ಹಾಳೆ ಕಾಯತೊಡಗಿತು. ಅಲ್ಯೂಮಿನಿಯಂ ಹತ್ತೂವರೆಯ ಬಿಸಿಲಿಗೇ ಬಾಣಲೆಯಾಗುತ್ತದೆ. ಬೆವರು ಕಣ್ಣಿಗಿಳಿಯಿತು. ಮೇಲೆ ನೋಡಿದೆ. ಮಾಳಿಗೆಯ ಕಟ್ಟೆ, ಅದರಾಚೆ ಆಕಾಶ. ಹೋಗಿಬಿಟ್ಟನೇನೋ ಅನ್ನಿಸಿತು. ಹೋಗಿದ್ದರೆ ತಪ್ಪೆನ್ನಲು ನನಗೆ ಬಾಯಿರಲಿಲ್ಲ. ಎಷ್ಟು ಹೊತ್ತಾಯಿತೋ, ನನಗೆ ಮಧ್ಯಾಹ್ನವೇ ಆದಂತಿತ್ತು. ಬಾಯಿ ಒಣಗಿತ್ತು. ಚೊಂಬಿನಲ್ಲಿದ್ದದ್ದು ಗೋಡೆ ತೊಳೆಯುವ ಸೋಪಿನ ನೀರು.

ಕಿಟಕಿ ತೆರೆಯಿತು. ಕನ್ನಡಕದಂಗಡಿಯವನು ತಲೆ ಹೊರಗಿಟ್ಟು, "ಅಯ್ಯೋ, ಬಿಸಿಲಲ್ಲಿ ಯಾಕಮ್ಮ? ಒಳಗೆ ಬನ್ನಿ, ಕೈ ಕೊಡಿ" ಎಂದ.

ಕೈ ಚಾಚಿದೆ. ಚಾಚಿದ ಕೈ ಅಲ್ಲೇ ನಿಂತಿತು. ಬೋರಲಿಂಗ ಈಗ ಬಂದರೆ? ಬಂದು ಬಗ್ಗಿ, ಖಾಲಿ ತೊಟ್ಟಿಲು ನೋಡಿದರೆ? ತನ್ನ ಕೈಯಿಂದಲೇ ಗೌರಕ್ಕ ಬಿದ್ದಳೆಂದು ಅವನ ಜೀವ ಹಾರಿಹೋಗುವುದಿಲ್ಲವೇ? "ಬೇಡಪ್ಪ, ಇಲ್ಲೇ ಇರ್ತೀನಿ" ಎಂದೆ. ಅಂದ ಮೇಲೆ ನನಗೆ ಅಳು ಬಂತು. ಇಷ್ಟನ್ನೇ ಅಲ್ಲವೇ ಅವನು ಮೂರು ಗಂಟೆ ಮಾಡಿದ್ದು? ಇದನ್ನು ಹೆದರಿಕೆಯೆಂದು ನಾನು ಒಂಬತ್ತು ವರ್ಷ ಸಾರಿಕೊಂಡು ಬಂದಿದ್ದೆ.

"ಬೋರಲಿಂಗಾ!" ಎಂದು ಕೂಗಿದೆ. ಗಂಟಲು ಸೀಳಿಹೋಯಿತು.

ಕಟ್ಟೆಯ ಮೇಲೆ ಮೊದಲು ಎರಡು ಕಿವಿ ಕಂಡವು, ಆಮೇಲೆ ಪೂರ್ತಿ ಮುಖ. ಅವನು ಬಗ್ಗಿ ನನ್ನನ್ನೇ ನೋಡುತ್ತಿದ್ದ.

"ಎಲ್ಲಿ ಹೋಗಿದ್ಯೋ?"

"ಮೆಟ್ಟಿಲವರೆಗೆ ಹೋಗಿದ್ದೆ ಗೌರಕ್ಕ. ನಿನ್ನನ್ನೂ ಮೂರು ಗಂಟೆ ನಿಲ್ಲಿಸಬೇಕು ಅಂತಾನೇ ಬಂದಿದ್ದೆ. ಇಳಿಯೋಕಾಗ್ಲಿಲ್ಲ. ವಾಪಸ್ ಬಂದು ಈ ಕಟ್ಟೆ ಹಿಂದೇನೇ ಕೂತಿದ್ದೆ."

"ತಪ್ಪಾಯ್ತು ಕಣಪ್ಪ" ಎಂದೆ.

"ಏನಂದೆ? ಗಾಳಿ, ಕೇಳಿಸ್ತಿಲ್ಲ."

ಗಡಿಯಾರದ ರಸ್ತೆಯವರೆಲ್ಲ ತಲೆ ಎತ್ತುವ ಹಾಗೆ ಕೂಗಿ ಹೇಳಿದೆ, ಎರಡು ಸಲ. ಅವನಿಗೆ ಕೇಳಿಸಿತು. ಮೂಗು ಒರೆಸಿಕೊಂಡು, "ಮೇಲಕ್ಕೆ ಎಳೀಲಾ?" ಎಂದ.

"ಈಗ್ಲೇ ಬೇಡ. ಸ್ವಲ್ಪ ಹೊತ್ತು ಹಂಗೇ ನೋಡ್ತಿರು."

ಅವನು ಮೊಣಕೈ ಊರಿಕೊಂಡು ನೋಡುತ್ತಾ ನಿಂತ. ಕಲೆ ಯಾವಾಗ ಹೋಯಿತೋ ನನಗೆ ಗೊತ್ತಿಲ್ಲ. ಹೋಯ್ತು, ಹೋಯ್ತು ಎಂದು ಜಬೀನಾ ಕೆಳಗಿನಿಂದ ಕೂಗಿದಾಗಲೂ ನಾನು ಗೋಡೆಯ ಕಡೆ ತಿರುಗಲಿಲ್ಲ.